ಶಾಲೆಯ ಪಂಜರದಲ್ಲಿ ಸೊರಗ್ತಿರೋ ಗಿನಿ ಪಿಗ್‌ಗಳನ್ನ ಉಳಿಸೋದು ಹೇಗೆ: ಮೇಡಂ ಜೊತೆ ಮಾತಿನಿಂದ ಹೊಸ ಮನೆವರೆಗೆ

ಮಾರ್ಚ್ ಕೊನೆ ವಾರ ಬಂತು ಅಂದ್ರೆ ಬೆಂಗಳೂರಲ್ಲಿ ಸಣ್ಣ ಪ್ರಾಣಿಗಳನ್ನ ರೆಸ್ಕ್ಯೂ ಮಾಡೋರ ಫೋನಿಗೆ ಪುರುಸೊತ್ತೇ ಇರಲ್ಲ. ಪರೀಕ್ಷೆ ಮುಗೀತು, ಇನ್ನು ಏಪ್ರಿಲ್ ಮೇ ರಜೆ, ಆಗ ಯಾರಿಗೋ ಒಬ್ರಿಗೆ ನೆನಪಾಗತ್ತೆ, ಶಾಲೆಯ ಆನಿಮಲ್ ಕಾರ್ನರ್‌ನಲ್ಲಿ ಎರಡು ಗಿನಿ ಪಿಗ್ (ಇಲಿ ಜಾತಿಯ, ಹುಲ್ಲು ತಿನ್ನೋ, ಬಾಲ ಇಲ್ಲದ ಪುಟ್ಟ ಸಾಕುಪ್ರಾಣಿ) ಇದಾವಲ್ಲ, ಅವಕ್ಕೆ ಶಾಲೆ ಮತ್ತೆ ಶುರು ಆಗೋವರೆಗೂ ಯಾರು ಹುಲ್ಲು ಹಾಕ್ತಾರೆ ಅಂತ. ಫೋನ್ ಮಾಡೋದು ಜಾಸ್ತಿ ಯಾರೋ ಮಗುವಿನ ಅಮ್ಮ, ಇಲ್ಲಾಂದ್ರೆ ಆಗಷ್ಟೇ ಕೆಲಸಕ್ಕೆ ಸೇರಿರೋ ಟೀಚರ್. ಶಾಲೆಯವರು ಕೆಟ್ಟೋರು ಅಂತ ಅಲ್ಲ. ಟೀಚರ್ ಅಂದ್ಕೊಳ್ತಾರೆ ಆಯಮ್ಮ ಹಾಕಿರ್ತಾರೆ ಅಂತ, ಆಯಮ್ಮ ಅಂದ್ಕೊಳ್ತಾರೆ ಮಕ್ಕಳು ಹಾಕಿರ್ತಾರೆ ಅಂತ, ಮಕ್ಕಳು ಪಾಪ ತಮ್ಮ ಡಬ್ಬಿಯಿಂದ ಬಿಸ್ಕತ್ತು ಮುರಿದು ಹಾಕಿರ್ತಾರೆ. ನಾನು ನೋಡಿರೋ ನೂರಕ್ಕೆ ತೊಂಬತ್ತು ಕೇಸು ಇಷ್ಟೇ, ಇಂಥೋರೇ ನೋಡ್ಕೋಬೇಕು ಅಂತ ಒಬ್ಬ ದೊಡ್ಡೋರ ಹೆಸರು ಆ ಪಂಜರದ ಮೇಲೆ ಇರಲ್ಲ. ಅಂಥ ಪಂಜರ ಕಣ್ಣಿಗೆ ಬಿದ್ರೆ ಏನ್ ಮಾಡ್ಬೇಕು ಅಂತ ಮೊದಲಿಂದ ಕೊನೆವರೆಗೂ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಓದಿ.

1. ಮೊದಲು ಸುಮ್ನೆ ನಿಂತು ನೋಡಿ

ಎಲ್ಲರೂ ಹೇಳೋ ಮೊದಲ ಮಾತು, "ತುಂಬಾ ಸಾಧು ಮೇಡಂ, ಎತ್ತಿದ್ರೂ ಅಲುಗಾಡಲ್ಲ". ಇದನ್ನ ನಂಬ್ಬೇಡಿ. ಗಿನಿ ಪಿಗ್ಗು ಬೇಟೆಗೆ ಸಿಕ್ಕೋ ಜಾತಿ ಪ್ರಾಣಿ, ಹೆದರಿದಾಗ ಓಡತ್ತೆ, ಓಡೋಕೆ ಜಾಗ ಇಲ್ಲಾಂದ್ರೆ ಕಲ್ಲಿನ ಥರ ನಿಂತ್ಬಿಡತ್ತೆ. ಮೂವತ್ತು ಮಕ್ಕಳು ಸುತ್ತ ಕಿರುಚ್ತಿರುವಾಗ ಅಲುಗಾಡದೆ ಕೂತಿದೆ ಅಂದ್ರೆ ಅದು ಸಾಧುತನ ಅಲ್ಲ, ಭಯ. ಆರೋಗ್ಯವಾಗಿರೋದು ಗಲಾಟೆ ಮಾಡತ್ತೆ, ಕವರಿನ ಸದ್ದು ಕೇಳಿದ್ರೆ ಕ್ವೀಕ್ ಕ್ವೀಕ್ ಅಂತ ಮನೆ ಎಬ್ಬಿಸತ್ತೆ, ಖುಷಿ ಆದ್ರೆ ನಿಂತಲ್ಲೇ ಗಾಳೀಲಿ ಜಿಗಿಯತ್ತೆ.

ಆಮೇಲೆ ಪಂಜರ ನೋಡಿ. ಕೆಳಗಡೆ ತಂತಿ ಜಾಲರಿ ಇದ್ಯಾ, ಇದ್ರೆ ಪಾದ ಹುಣ್ಣಾಗಿರೋ ಸಾಧ್ಯತೆ ಇದೆ. ಬಾಟಲಿಯಲ್ಲಿ ನೀರಿದೆ ಅಂತ ನೆಮ್ಮದಿ ಆಗ್ಬೇಡಿ, ತುದಿಯ ಗುಂಡನ್ನ ಬೆರಳಲ್ಲಿ ಒತ್ತಿ ನೋಡಿ, ಪಾಚಿ ಕಟ್ಟಿ ಗುಂಡು ಸಿಕ್ಕಿಹಾಕ್ಕೊಂಡಿದ್ರೆ ಬಾಟಲಿ ತುಂಬಾ ನೀರಿದ್ರೂ ಒಂದು ಹನಿ ಬರಲ್ಲ, ಇದನ್ನ ತುಂಬಾ ಸಲ ನೋಡಿದೀನಿ. ಬೌಲಲ್ಲಿ ಏನಿದೆ, ಹುಲ್ಲಾ ಬರೀ ಮೊಲದ ಪೆಲೆಟ್ಟಾ (ಪ್ಯಾಕೆಟ್ಟಲ್ಲಿ ಬರೋ ಒಣ ಗುಳಿಗೆ ಥರದ ಊಟ). ಉಗುರು ಸುರುಳಿ ಸುತ್ತಿದ್ಯಾ. ಹಿಂಭಾಗದ ಕೂದಲು ಉಚ್ಚೆ ಹಿಕ್ಕೆಯಲ್ಲಿ ಗಂಟು ಕಟ್ಟಿದ್ಯಾ. ಕೆರ್ಕೊಂಡು ಕೆರ್ಕೊಂಡು ಬೆನ್ನು ಬೋಳಾಗಿದ್ಯಾ. ಕಣ್ಣು ಮೂಗಲ್ಲಿ ಅಂಟು, ಉಸಿರಾಡುವಾಗ ಕಟಕಟ ಸದ್ದು. ಇದಿಷ್ಟನ್ನ ಫೋಟೋ ತಗೊಳ್ಳಿ, ಮಕ್ಕಳ ಮುಖ ಬರದೇ ಇರೋ ಹಾಗೆ. ಫೋಟೋ ಪ್ರಾಣಿ ಡಾಕ್ಟ್ರಿಗೆ, ಇನ್‌ಸ್ಟಾಗ್ರಾಮಿಗಲ್ಲ.

2. ಶಾಲೆಯವರ ಜೊತೆ ಮಾತು

ಇಲ್ಲೇ ಎಲ್ಲಾ ಕೆಡೋದು. ಫೋಟೋ ಹಾಕಿ ಶಾಲೆ ಹೆಸರು ಟ್ಯಾಗ್ ಮಾಡಿದ್ರೆ ನಿಮ್ಗೆ ಲೈಕ್ ಬರತ್ತೆ, ಶಾಲೆಯವರು ಗೇಟು ಹಾಕ್ಕೊಳ್ತಾರೆ, ಪ್ರಾಣಿ ಒಳಗೇ ಉಳಿಯತ್ತೆ. ಕದ್ದು ತರೋ ಯೋಚನೆನೂ ಬೇಡ, ಮಾರನೇ ದಿನ ಅದೇ ಪಂಜರಕ್ಕೆ ಪೆಟ್ ಶಾಪಿಂದ ಇನ್ನೆರಡು ಬಂದಿರತ್ತೆ.

ಪ್ರಿನ್ಸಿಪಾಲ್ ಹತ್ರ ನೇರ ಹೋಗಿ, ರಜೆಗೆ ಎರಡು ವಾರ ಮುಂಚೆ, ಶಾಲೆ ಬಿಟ್ಟ ಮೇಲೆ. ನಾನು ಸಾಮಾನ್ಯವಾಗಿ ಹೇಳೋದು ಹೀಗೆ: "ಮೇಡಂ, ರಜೆಯಲ್ಲಿ ಇವನ್ನ ನಾನು ನೋಡ್ಕೊಳ್ತೀನಿ, ಖರ್ಚೂ ನಂದೇ, ಒಂದ್ಸಲ ಡಾಕ್ಟ್ರಿಗೂ ತೋರಿಸ್ತೀನಿ." ಇದಕ್ಕೆ ಇಲ್ಲ ಅನ್ನೋರು ಕಡಿಮೆ, ಯಾಕಂದ್ರೆ ಅವರ ತಲೆನೋವೇ ಕಳೀತು. ಡಾಕ್ಟ್ರ ರಿಪೋರ್ಟು ಕೈಗೆ ಬಂದ ಮೇಲೆ ಎರಡನೇ ಮಾತು: "ಇದಕ್ಕೆ ಶಾಲೆ ವಾತಾವರಣ ಆಗ್ತಿಲ್ಲ ಮೇಡಂ, ನಮ್ಗೇ ಬಿಟ್ಕೊಡಿ." ಆಗ ಒಂದು ಹಾಳೆಯಲ್ಲಿ ಬರೆಸ್ಕೊಳ್ಳಿ, ಇಷ್ಟು ಪ್ರಾಣಿ, ಇಂಥ ಬಣ್ಣ, ಇವತ್ತಿಂದ ಇವರ ಜವಾಬ್ದಾರಿಗೆ ಕೊಟ್ಟಿದೀವಿ ಅಂತ, ಸಹಿ, ಸೀಲು. ಈ ಹಾಳೆ ಇಲ್ದೆ ಬೇರೆಯವರಿಗೆ ದತ್ತು ಕೊಟ್ರೆ ಜೂನಲ್ಲಿ "ನಮ್ಮ ಗಿನಿ ಪಿಗ್ ಎಲ್ಲಿ" ಅಂತ ಫೋನ್ ಬರತ್ತೆ.

ಕಾನೂನು ಏನನ್ನತ್ತೆ ಅಂದ್ರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಓಡಾಡೋಕೆ ಸಾಲದಷ್ಟು ಸಣ್ಣ ಪಂಜರದಲ್ಲಿ ಇಡೋದೂ ತಪ್ಪು, ಸಾಕಷ್ಟು ಮೇವು ನೀರು ನೆರಳು ಕೊಡದೇ ಇರೋದೂ ತಪ್ಪು. ಆದ್ರೆ ಮೊದಲ ಸಲಕ್ಕೆ ದಂಡ 10 ರೂಪಾಯಿಂದ 50 ರೂಪಾಯಿ ಅಂತ ಅದರಲ್ಲೇ ಬರೆದಿದೆ, ಪಾರ್ಕಿಂಗ್ ಮಾಡೋಕೂ ಅದಕ್ಕಿಂತ ಜಾಸ್ತಿ ಆಗತ್ತೆ ಇವಾಗ. ಹಾಗಾಗಿ ಕಾನೂನನ್ನ ಜೇಬಲ್ಲಿಟ್ಕೊಳ್ಳಿ, ಮಾತು ಪೂರ್ತಿ ಮುರಿದ್ರೆ ಮಾತ್ರ ತೆಗೀರಿ. ಅಂಥ ಟೈಮಲ್ಲಿ ಒಬ್ಬರೇ ಹೋಗೋದಕ್ಕಿಂತ ಕ್ಯೂಪಾದಂಥ (CUPA) ಪ್ರಾಣಿ ರಕ್ಷಣಾ ಸಂಸ್ಥೆಯವರನ್ನ ಕೇಳ್ಕೊಂಡು ಹೋದ್ರೆ ಮಾತಿಗೆ ತೂಕ ಬರತ್ತೆ.

3. ತರೋ ದಿನ

ಬೆಳಿಗ್ಗೆ ಎಂಟರ ಒಳಗೆ ತನ್ನಿ. ಗಿನಿ ಪಿಗ್ಗಿಗೆ 18ರಿಂದ 24 ಡಿಗ್ರಿ ಹಿತ, 27 ದಾಟಿದ್ರೆ ಅಪಾಯ ಶುರು, ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಿರೋ ಆಟೋದೊಳಗೆ ಅದು ಬದುಕಿ ಬಂದ್ರೆ ಅದೃಷ್ಟ. ಗಾಳಿಗೆ ತೂತು ಮಾಡಿರೋ ಗಟ್ಟಿ ರಟ್ಟಿನ ಡಬ್ಬ, ಒಳಗೆ ಹಳೇ ಟವಲ್ಲು, ಒಂದು ಹಿಡಿ ಹುಲ್ಲು, ಎರಡು ತುಂಡು ಸೌತೆಕಾಯಿ. ನೀರಿನ ಬೌಲ್ ಬೇಡ, ಚೆಲ್ಲಿ ಒದ್ದೆ ಆಗತ್ತೆ.

ಎತ್ತುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಎದೆಗೆ ಒತ್ತಿ ಹಿಡ್ಕೊಳ್ಳಿ. ಮಕ್ಕಳು ಎತ್ತೋ ಥರ ಕಂಕುಳಿಗೆ ಕೈ ಹಾಕಿ ನೇತಾಡಿಸ್ಬೇಡಿ. ಬೆಂಚಿನ ಎತ್ತರದಿಂದ ಬಿದ್ರೆ ಸಾಕು, ಬೆನ್ನುಮೂಳೆ ಇಲ್ಲಾ ಬಾಚಿಹಲ್ಲು ಮುರಿಯತ್ತೆ.

ಗಂಡು ಹೆಣ್ಣು ಒಟ್ಟಿಗಿದ್ರೆ ಬೇರೆ ಬೇರೆ ಡಬ್ಬ. "ಎರಡೂ ಹೆಣ್ಣೇ ಅಂತ ಅಂಗಡಿಯವನು ಹೇಳಿದ" ಅನ್ನೋ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಇಲ್ಲೀವರೆಗೂ ಏನು ತಿಂತಿತ್ತು ಅಂತ ಆಯಮ್ಮನ್ನ ಕೇಳ್ಕೊಳ್ಳಿ, ಪ್ರಿನ್ಸಿಪಾಲಿಗೆ ಗೊತ್ತಿರಲ್ಲ, ಆಯಮ್ಮಂಗೆ ಗೊತ್ತಿರತ್ತೆ. ಆ ಪೆಲೆಟ್ ಒಂದು ಹಿಡಿ ತನ್ನಿ, ಒಂದೇ ದಿನಕ್ಕೆ ಊಟ ಪೂರ್ತಿ ಬದಲಾಯಿಸಿದ್ರೆ ಹೊಟ್ಟೆ ಕೆಡತ್ತೆ.

4. ಮೊದಲ 24 ಗಂಟೆ

ಮನೆಯಲ್ಲಿ ಟಿವಿ ಇಲ್ದೇ ಇರೋ, ನಾಯಿ ಬೆಕ್ಕು ಬರದೇ ಇರೋ ರೂಮು. ನೆಲದ ಮೇಲೆ ಪೇಪರ್, ಅದರ ಮೇಲೆ ಟವಲ್ಲು, ಒಂದು ರಟ್ಟಿನ ಡಬ್ಬಕ್ಕೆ ಎರಡು ಬಾಗಿಲು ಕೊರೆದು ಬೋರಲು ಹಾಕಿ, ಅದೇ ಅದರ ಗುಹೆ. ಕಾರ್ಪೆಂಟರ್ ಹತ್ರ ಸಿಗೋ ಮರದ ಹೊಟ್ಟು ಬೇಡ, ಧೂಳು ಶ್ವಾಸಕೋಶಕ್ಕೆ ಹೋಗತ್ತೆ, ಪ್ಲೈವುಡ್ಡಿನ ಅಂಟೂ ಅದರಲ್ಲಿ ಸೇರಿರತ್ತೆ. ಹುಲ್ಲು ಗುಡ್ಡೆ ಹಾಕಿ. ನೀರು ಬಾಟಲಿ ಜೊತೆ ಮಣ್ಣಿನ ಬೋಗುಣಿಯಲ್ಲೂ ಇಡಿ, ಕೆಲವಕ್ಕೆ ಬಾಟಲಿ ಚೀಪೋದು ಮರೆತೇ ಹೋಗಿರತ್ತೆ. ಆಮೇಲೆ ನೀವು ರೂಮಿಂದ ಹೊರಗೆ ಬನ್ನಿ. ಮುದ್ದು ಮಾಡೋದೆಲ್ಲ ಆಮೇಲೆ.

ಸ್ನಾನ ಮಾಡಿಸ್ಬೇಡಿ, ಎಷ್ಟೇ ಗಲೀಜಿದ್ರೂ. ಹಿಂಭಾಗ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಒಣಗಿಸಿ, ಗಂಟು ಕಟ್ಟಿರೋ ಕೂದಲನ್ನ ಮೊಂಡು ತುದಿ ಕತ್ತರಿಯಲ್ಲಿ ಕತ್ತರಿಸಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಬೌಲ್ ಇಟ್ಟು ತೂಕ ನೋಡಿ ಬರ್ಕೊಳ್ಳಿ. ಬೆಳೆದ ಗಿನಿ ಪಿಗ್ ಸುಮಾರು 700ರಿಂದ 1200 ಗ್ರಾಂ ಇರತ್ತೆ. ಮೊದಲ ಎರಡು ವಾರ ದಿನಾ ಒಂದೇ ಹೊತ್ತಿಗೆ ತೂಗಿ, ಆಮೇಲೆ ವಾರಕ್ಕೊಮ್ಮೆ. 50 ಗ್ರಾಂ ಇಳಿದ್ರೆ ಕಣ್ಣಿಡಿ, 100 ಗ್ರಾಂ ಹತ್ರ ಇಳಿದ್ರೆ ಅವತ್ತೇ ಡಾಕ್ಟ್ರು. ಈ ಪ್ರಾಣಿ ಕಾಯಿಲೆನ ಕೊನೇವರೆಗೂ ಮುಚ್ಚಿಡತ್ತೆ, ತಕ್ಕಡಿ ಮುಚ್ಚಿಡಲ್ಲ.

ತಿನ್ನೋದು, ಹಿಕ್ಕೆ, ಇವೆರಡನ್ನೂ ಗಮನಿಸಿ. ಕಂದು ಬಣ್ಣದ, ಅಕ್ಕಿಕಾಳಿಗಿಂತ ದಪ್ಪ ಉದ್ದುದ್ದ ಹಿಕ್ಕೆ ಧಾರಾಳವಾಗಿ ಬೀಳ್ತಿದ್ರೆ ಒಳ್ಳೇದು. ಸಣ್ಣದಾಗ್ತಾ ಬಂತು, ನಿಂತೇಹೋಯ್ತು ಅಂದ್ರೆ ಕರುಳು ನಿಲ್ತಾ ಇದೆ ಅಂತ ಅರ್ಥ. ನಾಯಿ ಒಂದಿನ ಉಪವಾಸ ಇದ್ರೆ ನಡಿಯತ್ತೆ, ಗಿನಿ ಪಿಗ್ ಅರ್ಧ ದಿನ ಏನೂ ತಿನ್ಲಿಲ್ಲ ಅಂದ್ರೂ ಎಮರ್ಜೆನ್ಸಿ, ನಾಳೆ ನೋಡೋಣ ಅನ್ನೋದು ಇಲ್ವೇ ಇಲ್ಲ.

ನಿಮ್ಮ ಮನೇಲಿ ಮೊದಲೇ ಗಿನಿ ಪಿಗ್ ಇದ್ರೆ ಹೊಸದನ್ನ ಎರಡ್ಮೂರು ವಾರ ಬೇರೆ ರೂಮಲ್ಲಿಡಿ, ಹಳೇದಕ್ಕೆ ಮೊದಲು ಊಟ ಹಾಕಿ ಆಮೇಲೆ ಹೊಸದಕ್ಕೆ, ಕೈ ಸೋಪಲ್ಲಿ ತೊಳೀರಿ. ಮೊಲದ ಜೊತೆ ಯಾವಾಗ್ಲೂ ಬೇಡ. ಮೊಲಕ್ಕೆ ಏನೂ ಮಾಡದ ಬೋರ್ಡೆಟೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಗಿನಿ ಪಿಗ್ಗಿಗೆ ನ್ಯುಮೋನಿಯಾ ತರಿಸತ್ತೆ, ಅದೂ ಅಲ್ದೆ ಮೊಲದ ಒಂದು ಒದೆಗೆ ಇದರ ಪಕ್ಕೆಲುಬು ಹೋಗತ್ತೆ.

5. ಡಾಕ್ಟ್ರು

ನಾಯಿ ಬೆಕ್ಕು ಮಾತ್ರ ನೋಡೋ ಕ್ಲಿನಿಕ್ಕಿಗೆ ಹೋಗೋ ಮುಂಚೆ ಫೋನ್ ಮಾಡಿ ಕೇಳಿ, "ಸಾರ್, ಗಿನಿ ಪಿಗ್ ನೋಡ್ತೀರಾ?" ಅಂತ. ಬೆಂಗಳೂರಲ್ಲಿ ಎಕ್ಸಾಟಿಕ್ ವೆಟ್‌ಗಳು, ಅಂದ್ರೆ ನಾಯಿ ಬೆಕ್ಕು ಬಿಟ್ಟು ಬೇರೆ ಸಾಕುಪ್ರಾಣಿ ನೋಡೋ ಡಾಕ್ಟ್ರುಗಳು ಇದಾರೆ, ಹೆಬ್ಬಾಳದ ವೆಟರ್ನರಿ ಕಾಲೇಜು ಆಸ್ಪತ್ರೆನೂ ಇದೆ. ಸಣ್ಣ ಊರಲ್ಲಿ ಸರ್ಕಾರಿ ಪಶು ಆಸ್ಪತ್ರೆಯೇ ಗತಿ, ಅಲ್ಲಿನ ಡಾಕ್ಟ್ರು ಹಸು ಎಮ್ಮೆ ನೋಡಿ ನುರಿತೋರು, ಅವರ ಮುಂದೆ ನೀವು ಒಂದು ವಿಷಯ ಮಾತ್ರ ಸಂಕೋಚ ಇಲ್ದೆ ಹೇಳ್ಲೇಬೇಕು.

ಅದೇನಪ್ಪಾ ಅಂದ್ರೆ ಆ್ಯಂಟಿಬಯಾಟಿಕ್ಕು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಪೆನಿಸಿಲಿನ್ ಗುಂಪು, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಇವು ನಮ್ಗೆ ಮಾಮೂಲಿ ಮಾತ್ರೆ, ಗಿನಿ ಪಿಗ್ಗಿಗೆ ವಿಷ. ಅದರ ಕರುಳಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ಅನ್ನೋದು ಹಬ್ಬಿ ಕೆಲವೇ ದಿನದಲ್ಲಿ ಪ್ರಾಣ ತೆಗೆಯತ್ತೆ. ಎನ್ರೋಫ್ಲಾಕ್ಸಾಸಿನ್, ಟ್ರೈಮೆಥೋಪ್ರಿಮ್ ಸಲ್ಫಾ ಥರದ್ದನ್ನ ಗೊತ್ತಿರೋರು ಬಳಸ್ತಾರೆ. "ಡಾಕ್ಟ್ರೇ, ಪೆನಿಸಿಲಿನ್ ಜಾತಿದು ಇದಕ್ಕೆ ಆಗಲ್ಲ ಅಂತ ಓದಿದೀನಿ, ಒಂದ್ಸಲ ನೋಡಿ" ಅಂತ ವಿನಯವಾಗಿ ಹೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಶಾಲೆಯಿಂದ ಬರೋವುಗಳಲ್ಲಿ ಮೈತುಂಬಾ ಕಜ್ಜಿ ತುಂಬಾ ಸಾಮಾನ್ಯ. ಒಂದು ಕೇಸು ಹೇಳ್ತೀನಿ, ಒಂದು ಪ್ರೀಸ್ಕೂಲಿಂದ ಬಂದಿದ್ದು, ಕಂದು ಬಿಳಿ ಹೆಣ್ಣು. ಭುಜದಿಂದ ಸೊಂಟದವರೆಗೆ ಕೂದಲಿಲ್ಲ, ಚರ್ಮ ಹಳದಿಯಾಗಿ ಹೊಪ್ಪಳಿಕೆ ಎದ್ದಿತ್ತು, ಬೆನ್ನಿನ ಹತ್ರ ಬೆರಳು ತಾಗಿಸಿದ್ರೆ ಸಾಕು ಬಿದ್ದು ಒದ್ದಾಡೋದು, ಕಾಲು ಸೆಟೆದುಕೊಳ್ಳೋದು. ಫಿಟ್ಸ್ ಇದೆ ಅಂತ ಶಾಲೆಯವರು ಹೇಳಿದ್ರು. ಅದು ಫಿಟ್ಸ್ ಕಾಯಿಲೆ ಅಲ್ಲ, ಟ್ರಿಕ್ಸಾಕರಸ್ ಅನ್ನೋ ಕಜ್ಜಿ ಹುಳ ಚರ್ಮದೊಳಗೆ ಸುರಂಗ ಕೊರೀತಿತ್ತು, ತುರಿಕೆ ತಡೀಲಾರದೆ ಹಂಗೆ ಆಗೋದು. ಐವರ್‌ಮೆಕ್ಟಿನ್ ತೂಕ ನೋಡಿ ಡಾಕ್ಟ್ರು ಕೊಟ್ರು, ವಾರ ಹತ್ತು ದಿನದ ಅಂತರದಲ್ಲಿ ಮತ್ತೆ ಕೊಟ್ರು, ಯಾಕಂದ್ರೆ ಮೊದಲ ಡೋಸಿಗೆ ಮೊಟ್ಟೆ ಸಾಯಲ್ಲ. ಮೊದಲ ಡೋಸ್ ಆದ ಕೆಲವೇ ದಿನಕ್ಕೆ ಒದ್ದಾಟ ನಿಂತು ತಕ್ಕಡಿ ಮೇಲೆ ತಾನೇ ಹತ್ತಿ ಕೂರೋ ಮಟ್ಟಕ್ಕೆ ಬಂತು. ದನಕ್ಕೆ ಹಾಕೋ ಐವರ್‌ಮೆಕ್ಟಿನ್ ತಂದು ಅಂದಾಜಿಗೆ ಕೊಡೋಕೆ ಹೋಗ್ಬೇಡಿ, ಒಂದು ಹನಿ ಹೆಚ್ಚುಕಮ್ಮಿ ಆದ್ರೂ ಕೆಲಸ ಕೆಡತ್ತೆ.

ಗುಂಡಗೆ ಕೂದಲುದುರಿ ಹೊಟ್ಟು ಏಳ್ತಿದ್ರೆ ಹುಳಕಡ್ಡಿ ಇರ್ಬಹುದು, ಅದು ನಮ್ಗೂ ಅಂಟತ್ತೆ, ಗ್ಲೌಸ್ ಹಾಕ್ಕೊಳ್ಳಿ, ಆ ಕ್ಲಾಸಿನ ಪೋಷಕರಿಗೂ ತಿಳಿಸೋಕೆ ಶಾಲೆಗೆ ಹೇಳಿ. ಉಗುರು, ಹಲ್ಲು, ಪಾದ ಎಲ್ಲಾ ಒಂದೇ ವಿಸಿಟಲ್ಲಿ ತೋರಿಸಿ. ವ್ಯಾಕ್ಸಿನ್ ಇದಕ್ಕೆ ಯಾವ್ದೂ ಇಲ್ಲ.

6. ಊಟ

ಅರ್ಧ ಕಾಯಿಲೆ ಇಲ್ಲೇ ಹುಟ್ಟೋದು, ಅರ್ಧ ವಾಸಿ ಆಗೋದೂ ಇಲ್ಲೇ. ಗಿನಿ ಪಿಗ್ಗಿನ ಎಲ್ಲಾ ಹಲ್ಲೂ, ದವಡೆ ಹಲ್ಲೂ ಸೇರಿ, ಸಾಯೋವರೆಗೂ ಬೆಳೀತಾನೇ ಇರತ್ತೆ, ಹುಲ್ಲು ಅಗಿದು ಅಗಿದು ಸವೀಬೇಕು. ದಿನದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ ಇರ್ಬೇಕು, ಮೂರು ಹೊತ್ತೂ ಮುಂದೆ ಇರ್ಬೇಕು. ಆನ್‌ಲೈನಲ್ಲಿ ಸಿಗೋ ಟಿಮೋತಿ ಹೇ ಚೆನ್ನಾಗಿದೆ, ಹೊರದೇಶದಿಂದ ಬರೋದ್ರಿಂದ ದುಬಾರಿ. ಅದರ ಜೊತೆ ನಮ್ಮ ಗರಿಕೆ ಕೊಡಿ, ಗಣಪತಿಗೆ ತರೋ ಅದೇ ಗರಿಕೆ, ತುಂಬಾ ಇಷ್ಟಪಟ್ಟು ತಿನ್ನತ್ತೆ. ನಾಯಿ ಓಡಾಡೋ ಪಾರ್ಕಿಂದ, ರಸ್ತೆ ಬದಿಯಿಂದ ಕೀಳ್ಬೇಡಿ, ಮಾರ್ಕೆಟ್ಟಿಂದ ತಂದ್ರೂ ಚೆನ್ನಾಗಿ ತೊಳೆದು ನೀರು ಬಸಿದು ಕೊಡಿ. ಹಸಿ ಹುಲ್ಲು ಕಂಡೇ ಇರದ ಪ್ರಾಣಿಗೆ ಮೊದಲ ದಿನವೇ ಬುಟ್ಟಿ ತುಂಬಾ ಕೊಡ್ಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಭತ್ತದ ಹುಲ್ಲು ಹಾಸಿಗೆಗೆ ಸರಿ, ಊಟಕ್ಕೆ ಅದರಲ್ಲಿ ಸತ್ವ ಸಾಲಲ್ಲ. ಕುದುರೆ ಮಸಾಲೆ ಸೊಪ್ಪಲ್ಲಿ (ಲೂಸರ್ನ್ ಮೇವು) ಕ್ಯಾಲ್ಸಿಯಂ ಜಾಸ್ತಿ, ಮರಿಗೆ, ಬಸುರಿಗೆ ಸರಿ, ದೊಡ್ಡದಕ್ಕೆ ದಿನಾ ಕೊಟ್ರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟತ್ತೆ.

ಎರಡನೇದು ವಿಟಮಿನ್ ಸಿ. ನಮ್ಮ ಹಾಗೇ ಇದರ ದೇಹಕ್ಕೂ ವಿಟಮಿನ್ ಸಿ ತಯಾರಿಸೋಕೆ ಬರಲ್ಲ, ನಾಯಿಗೆ ಇಲಿಗೆ ಬರತ್ತೆ ಇದಕ್ಕೆ ಬರಲ್ಲ. ಊಟದಲ್ಲಿ ಸಿಗ್ಲಿಲ್ಲ ಅಂದ್ರೆ ಎರಡ್ಮೂರು ವಾರದಲ್ಲೇ ಸ್ಕರ್ವಿ ಶುರು: ಕೂದಲು ಒರಟು, ಕೀಲು ಊತ, ಒಸಡಲ್ಲಿ ರಕ್ತ, ನಡೆಯೋಕೆ ಹಿಂದೇಟು, ಮುಟ್ಟಿದ್ರೆ ಕಿರುಚೋದು. "ಸೋಮಾರಿ ಮೇಡಂ ಇದು" ಅಂತ ಶಾಲೆಯಲ್ಲಿ ಹೇಳಿರ್ತಾರಲ್ಲ, ಅದರಲ್ಲಿ ಎಷ್ಟೋ ಈ ಕೀಲುನೋವೇ. ಮೊಲದ ಪೆಲೆಟ್ಟಿಗೆ ವಿಟಮಿನ್ ಸಿ ಸೇರಿಸಿರಲ್ಲ, ಗಿನಿ ಪಿಗ್ ಪೆಲೆಟ್ಟಲ್ಲಿ ಸೇರಿಸಿದ್ರೂ ತಯಾರಾಗಿ ಮೂರು ತಿಂಗಳಾಗೋ ಹೊತ್ತಿಗೆ ತುಂಬಾ ಕಮ್ಮಿ ಆಗಿರತ್ತೆ, ಪ್ಯಾಕೆಟ್ಟಿನ ಡೇಟ್ ನೋಡಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆ ಇದ್ರೆ ಬಸುರಿ ಆದ್ರೆ ಮೇಲಿನ ಅಳತೆ. ಸೀಬೆಹಣ್ಣಲ್ಲಿ 100 ಗ್ರಾಮಿಗೆ 200 ಮಿಲಿಗ್ರಾಮಿಗಿಂತ ಜಾಸ್ತಿ ಇದೆ, ಅಂದ್ರೆ ಬೀಜ ತೆಗೆದ ಒಂದು ಸಣ್ಣ ಹೋಳು ಸಾಕು, ಸಕ್ಕರೆ ಇರೋದ್ರಿಂದ ಜಾಸ್ತಿ ಬೇಡ. ದಿನಾ ಕೊಡೋಕೆ ದೊಣ್ಣೆ ಮೆಣಸಿನಕಾಯೇ ಒಳ್ಳೇದು, ಕೆಂಪಾದ್ರೆ ಇನ್ನೂ ಒಳ್ಳೇದು, ಜೊತೆಗೆ ಕೊತ್ತಂಬರಿ ಸೊಪ್ಪು. ನೀರಿಗೆ ವಿಟಮಿನ್ ಡ್ರಾಪ್ಸ್ ಹಾಕೋ ಅಭ್ಯಾಸ ಇದೆ ಕೆಲವರಿಗೆ, ಅದು ಬೆಳಕಿಗೆ ಹಾಳಾಗತ್ತೆ, ರುಚಿ ಬದಲಾಗಿ ನೀರು ಕುಡಿಯೋದೇ ಬಿಡತ್ತೆ. ಕೊಡ್ಲೇಬೇಕು ಅಂದ್ರೆ ಡಾಕ್ಟ್ರು ಹೇಳಿದ ಅಳತೆಯಲ್ಲಿ ಸಿರಿಂಜಿಂದ ನೇರ ಬಾಯಿಗೆ.

ಬಿಸ್ಕತ್ತು, ಬ್ರೆಡ್ಡು, ಅನ್ನ, ಹಾಲು, ಚಾಕ್ಲೇಟು, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಬೇಡವೇ ಬೇಡ. ಕೋಸು ಗ್ಯಾಸು, ಪಾಲಕ್ ಅಪರೂಪಕ್ಕೆ, ಕ್ಯಾರೆಟ್ ಸಿಹಿತಿಂಡಿ ಲೆಕ್ಕ.

ತಾನಾಗಿ ತಿನ್ನದೇ ಇದ್ರೆ ಡಾಕ್ಟ್ರ ಹತ್ರ ಹೋಗೋ ದಾರಿಯಲ್ಲೇ ಶುರು ಮಾಡಿ, ಗಿನಿ ಪಿಗ್ ಪೆಲೆಟ್ ಬೆಚ್ಚಗಿನ ನೀರಲ್ಲಿ ನೆನೆಸಿ ತೆಳ್ಳಗೆ ಕಲಸಿ 1 ಎಂಎಲ್ ಸಿರಿಂಜಲ್ಲಿ ಬಾಯಿಯ ಪಕ್ಕದಿಂದ, ಅಗಿದು ನುಂಗಿದ ಮೇಲೆ ಇನ್ನೊಂದು. ಗಬಗಬ ತಳ್ಳಿದ್ರೆ ಶ್ವಾಸಕೋಶಕ್ಕೆ ಹೋಗತ್ತೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ರೆ ಮಾತ್ರ ಏನೂ ಹಾಕ್ಬೇಡಿ, ಡಾಕ್ಟ್ರು ನೋಡ್ಲಿ ಮೊದಲು.

7. ಬಸುರಿ ಇದ್ಯಾ ನೋಡಿ

ಗಂಡಿನ ಜೊತೆ ಇದ್ದ ಹೆಣ್ಣನ್ನ ಬಸುರಿ ಅಂತಲೇ ತಿಳ್ಕೊಳ್ಳಿ, ಬೇರೆ ಮಾಡಿದ ದಿನದಿಂದ ಹತ್ತೂವರೆ ವಾರ. ಗರ್ಭ ಇರೋದು 59ರಿಂದ 72 ದಿನ. ಮರಿಗಳು ಕಣ್ಣು ಬಿಟ್ಕೊಂಡು ಮೈತುಂಬಾ ಕೂದಲಿಟ್ಕೊಂಡು ಹುಟ್ಟತ್ತೆ, ಒಂದೆರಡು ದಿನದಲ್ಲೇ ಹುಲ್ಲು ಕಚ್ಚತ್ತೆ. ಹೆತ್ತ ಕೆಲವೇ ಗಂಟೆಯಲ್ಲಿ ತಾಯಿ ಮತ್ತೆ ಬಸುರಿ ಆಗ್ಬಹುದು, ಅದಕ್ಕೇ ಗಂಡನ್ನ ಮೊದಲೇ ದೂರ ಇಡೋದು. ಗಂಡು ಮರಿಗಳನ್ನ ಮೂರು ವಾರಕ್ಕೆ ತಾಯಿಯಿಂದ ಬೇರೆ ಮಾಡಿ, ಲೇಟ್ ಮಾಡಿದ್ರೆ ತಾಯಿನೂ ತಂಗಿಯರೂ ಬಸುರಿ ಆಗ್ತಾರೆ. ಏಳೆಂಟು ತಿಂಗಳು ದಾಟಿದ ಮೇಲೆ ಮೊದಲ ಸಲ ಹೆರೋ ಹೆಣ್ಣಿಗೆ ಸೊಂಟದ ಮೂಳೆ ಬಿಗಿದಿರತ್ತೆ, ಮರಿ ಸಿಕ್ಕಿಹಾಕ್ಕೊಳ್ಳತ್ತೆ. ಅರ್ಧ ಗಂಟೆ ಮುಕ್ಕಿದ್ರೂ ಮರಿ ಬರ್ಲಿಲ್ಲ ಅಂದ್ರೆ ತಕ್ಷಣ ಡಾಕ್ಟ್ರು, ಆಪರೇಷನ್ನೇ ಬೇಕಾಗ್ಬಹುದು, ರಾತ್ರಿ ತೆರೆದಿರೋ ಆಸ್ಪತ್ರೆ ನಂಬರ್ ಮುಂಚೆನೇ ಹುಡುಕಿಡಿ.

8. ಹೊಸ ಮನೆ

ಒಂದೇ ಒಂದನ್ನ ಯಾರಿಗೂ ಕೊಡ್ಬೇಡಿ. ಇದು ಗುಂಪಲ್ಲಿ ಬದುಕೋ ಪ್ರಾಣಿ, ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂಟಿ ಗಿನಿ ಪಿಗ್ ಸಾಕೋದೇ ಕಾನೂನಿಗೆ ವಿರುದ್ಧ. ಎರಡು ಹೆಣ್ಣು, ಅಥವಾ ಚಿಕ್ಕಂದಿನಿಂದ ಹೊಂದ್ಕೊಂಡಿರೋ ಎರಡು ಗಂಡು. ಜಾಗ ಕನಿಷ್ಠ ನಾಲ್ಕಡಿ ಎರಡಡಿ, ನೆಲದ ಮೇಲೆ ಹರಡಿರ್ಬೇಕು, ಮಹಡಿ ಲೆಕ್ಕ ಅಲ್ಲ. ದತ್ತು ಕೇಳೋರನ್ನ ನಾನು ಕೇಳೋದು ಮೂರೇ: ಊರಿಗೆ ಹೋದಾಗ ಯಾರು ನೋಡ್ಕೊಳ್ತಾರೆ, ಏಪ್ರಿಲ್ ಬಿಸಿಲಿಗೆ ಯಾವ ರೂಮು, ಡಾಕ್ಟ್ರು ಯಾರು. "ಮಗನ ಬರ್ತ್‌ಡೇಗೆ ಸರ್ಪ್ರೈಸ್" ಅಂದ್ರೆ ಅಲ್ಲಿಗೇ ನಮಸ್ಕಾರ. ಐದರಿಂದ ಎಂಟು ವರ್ಷ ಬದುಕೋ ಪ್ರಾಣಿ ಇದು, ಬರ್ತ್‌ಡೇ ಮಾಡ್ಕೊಂಡ ಹುಡುಗ ಅಷ್ಟರಲ್ಲಿ ಪಿಯುಸಿಗೆ ಬಂದಿರ್ತಾನೆ.

9. ಶಾಲೆ ಬಿಡಲ್ಲ ಅಂದ್ರೆ

ಕೆಲವು ಕಡೆ ನಿಜವಾಗ್ಲೂ ಇಟ್ಕೊಳ್ಳೋ ಮನಸ್ಸಿರತ್ತೆ. ಆಗ ಷರತ್ತು ಹಾಕಿ: ಒಬ್ಬ ದೊಡ್ಡೋರ ಹೆಸರು ಫೋನ್ ನಂಬರು ಪಂಜರದ ಮೇಲೆ ಅಂಟಿಸ್ಬೇಕು, ಶನಿವಾರ ಭಾನುವಾರ, ದಸರಾ ರಜೆ, ಬೇಸಿಗೆ ರಜೆ ಯಾರ ಮನೆಗೆ ಹೋಗತ್ತೆ ಅಂತ ಜೂನಲ್ಲೇ ಬರೆದಿಡ್ಬೇಕು, ವರ್ಷಕ್ಕೆ ಡಾಕ್ಟ್ರ ಖರ್ಚಿಗೆ ಇಷ್ಟು ದುಡ್ಡು ಅಂತ ತೆಗೆದಿಡ್ಬೇಕು. ಪಂಜರ ಕ್ಲಾಸಿಂದ ಹೊರಗೆ, ಆಫೀಸ್ ಪಕ್ಕದ ತಣ್ಣನೆ ರೂಮಿಗೆ, ಬೆಲ್ಲಿಂದ ದೂರ, ಶೀಟಿನ ಛಾವಣಿ ಕೆಳಗಂತೂ ಬೇಡ. ಮಕ್ಕಳು ನೆಲದ ಮೇಲೆ ಕೂತು ಕೊತ್ತಂಬರಿ ಕಡ್ಡಿ ಹಿಡೀಲಿ, ಅದು ತಾನಾಗಿ ಬಂದ್ರೆ ಬರ್ಲಿ, ಎತ್ತೋದು ಇಲ್ಲ. ಪ್ರತಿ ಸೋಮವಾರ ತೂಕ ನೋಡಿ ಬೋರ್ಡ್ ಮೇಲೆ ಬರೆಯೋ ಕೆಲಸ ಮಕ್ಕಳಿಗೆ ಕೊಟ್ರೆ ಗಣಿತನೂ ಆಯ್ತು, ಕಾಯಿಲೆನೂ ಬೇಗ ಗೊತ್ತಾಗತ್ತೆ.

ಬಿಟ್ಕೊಟ್ರೆ ಮಾತ್ರ ಒಂದು ಕೆಲಸ ಮರೀಬೇಡಿ, ಪಂಜರನೂ ಜೊತೆಗೆ ತನ್ನಿ. ಖಾಲಿ ಪಂಜರ ಮೂಲೆಯಲ್ಲಿದ್ರೆ ಜೂನಲ್ಲಿ ಹೊಸ ಟೀಚರ್ ಬರ್ತಾರೆ, ಪಂಜರ ಇದ್ಯಲ್ಲ ಮತ್ತೆರಡು ತರೋಣ ಅಂತಾರೆ, ಶಿವಾಜಿನಗರದ ಕಡೆ ಅಂಗಡಿಯಲ್ಲಿ ಸಿಗತ್ತೆ, ಮತ್ತೆ ಮೊದಲಿಂದ ಶುರು. ಪಂಜರ ಶಾಲೆ ಆಸ್ತಿ, ಕೊಡೋಕೆ ಆಗಲ್ಲ ಅಂದ್ರೆ ಐನೂರು ಸಾವಿರ ಕೊಟ್ಟಾದ್ರೂ ತಗೊಳ್ಳಿ, ರಸೀದಿನೂ ಕೇಳಿ, ಆ ಮೂಲೆಗೆ ಮೆಂತ್ಯ ಕೊತ್ತಂಬರಿ ಬಿತ್ತೋ ಒಂದೆರಡು ಟ್ರೇ ಇಟ್ಟು ಬನ್ನಿ. ಮನೇಲಿ ಆ ಪಂಜರ ಸಾಕೋಕೆ ಸಾಲಲ್ಲ, ತಂತಿ ಮೇಲೆ ದಪ್ಪ ಟವಲ್ಲು ಹಾಸಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ ಚೆನ್ನಾಗಿರತ್ತೆ.